ಅಡುಗೆಮನೆಯ ಪ್ರಯೋಗ ಕೈಕೊಟ್ಟಾಗ ಎಲ್ಲಿ ನೋಡಬೇಕು?

ಬೇಸಿಗೆ ರಜೆಗೆ ನನ್ನ ತಮ್ಮನ ಮಗ ಚಿತ್ರದುರ್ಗದಿಂದ ದಾವಣಗೆರೆಗೆ ನಮ್ಮನೆಗೆ ಬಂದಿದ್ದ. ಅವನಿಗೆ ಏಳು, ನನ್ನ ಮಗಳಿಗೆ ಐದು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಬಿಡುವ ಹಾಗಿಲ್ಲ, ಒಳಗೆ ಬಿಟ್ಟರೆ ರಿಮೋಟಿಗೆ ಜಗಳ. ಸರಿ, ಜ್ವಾಲಾಮುಖಿ ಮಾಡೋಣ ಬನ್ನಿ ಅಂತ ಅಡುಗೆಮನೆಯಲ್ಲಿ ಕೂರಿಸಿದೆ. ದೊಡ್ಡ ತಟ್ಟೆಯಲ್ಲಿ ಮಣ್ಣಿನ ಗುಡ್ಡ, ಮಧ್ಯೆ ಒಂದು ಸ್ಟೀಲ್ ಲೋಟ, ಲೋಟದೊಳಗೆ ಸೋಡಾ. ಮೇಲಿಂದ ವಿನೆಗರ್ ಸುರಿದೆ.

ಏನೂ ಆಗಲಿಲ್ಲ. ಒಂದು ಗುಳ್ಳೆಯೂ ಇಲ್ಲ.

"ಅತ್ತೆ, ಇದು ಸತ್ತೋಗಿರೋ ಜ್ವಾಲಾಮುಖಿನಾ?" ಅಂದ ಅವನು.

ಆವತ್ತಿನಿಂದ ಆ ರಜೆ ಪೂರ್ತಿ ನಾವು ಪ್ರಯೋಗ ಮಾಡಿದ್ದಕ್ಕಿಂತ ಪ್ರಯೋಗ ಯಾಕೆ ಕೆಟ್ಟಿತು ಅಂತ ಹುಡುಕಿದ್ದೇ ಜಾಸ್ತಿ. ವೀಡಿಯೊಗಳಲ್ಲಿ ಎಲ್ಲವೂ ಒಂದೇ ಸಲಕ್ಕೆ ಆಗುತ್ತದೆ. ನಮ್ಮ ಮನೆಯಲ್ಲಿ ಬೋರ್‌ವೆಲ್ ನೀರು, ಹೆಸರು ಬರೆಯದ ಡಬ್ಬಗಳು, ಎಣ್ಣೆ ಹಚ್ಚಿದ ತಲೆಗಳು. ಇವೇ ಅರ್ಧ ತೊಂದರೆ. ಕೆಳಗೆ ಬರೆದಿರುವುದು ನಿಮ್ಮ ಕಣ್ಣಿಗೆ ಏನು ಕಾಣುತ್ತದೋ ಅದರ ಪ್ರಕಾರ. ಪ್ರತಿಯೊಂದರಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು ಮಾಡಿ, ಆಮೇಲೆ ಅಂಗಡಿಗೆ ಹೋಗಿ. ಒಂದು ಸಲಕ್ಕೆ ಒಂದೇ ಬದಲಾಯಿಸಿ. ಸೋಡಾನೂ ನೀರೂ ಲೋಟವೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೈಕೊಟ್ಟಿತ್ತು ಅಂತ ಗೊತ್ತೇ ಆಗುವುದಿಲ್ಲ.

ಶುರು ಮಾಡುವ ಮುಂಚೆ ಮೇಲಿನ ಶೆಲ್ಫಿಗೆ ಹೋಗಬೇಕಾದವು

ಟಾಯ್ಲೆಟ್ ತೊಳೆಯುವ ಆಸಿಡ್, ಬ್ಲೀಚಿಂಗ್ ಪೌಡರ್, ಸಿಂಕ್ ಕಟ್ಟಿಕೊಂಡಾಗ ಹಾಕುವ ಪುಡಿ. ಇವು ಯಾವುದೂ ಪ್ರಯೋಗದ ಸಾಮಾನಲ್ಲ. ಆಸಿಡ್ಡೂ ಬ್ಲೀಚಿಂಗ್ ಪೌಡರೂ ಸೇರಿದರೆ ಕ್ಲೋರಿನ್ ಅನ್ನುವ ವಿಷದ ಗಾಳಿ ಬರುತ್ತದೆ. ಸಿಂಕಿನ ಪುಡಿಯಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಇರುತ್ತದೆ, ಅದು ಚರ್ಮ ಸುಡುತ್ತದೆ. ಹೆಸರಲ್ಲಿ ಸೋಡಾ ಇದೆ ಅಂತ ಮೋಸ ಹೋಗಬೇಡಿ. ಹಳೆ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಆಸಿಡ್ ತುಂಬಿಡುವ ಅಭ್ಯಾಸ ಮನೆಯಲ್ಲಿದ್ದರೆ ಇವತ್ತೇ ನಿಲ್ಲಿಸಿ, ಪ್ರಯೋಗ ಮಾಡಿದರೂ ಮಾಡದಿದ್ದರೂ.

ಇನ್ನೊಂದು: ಗುಳ್ಳೆ ಬರುವ ಯಾವುದನ್ನೂ ಬಾಟಲಿಯಲ್ಲಿ ಹಾಕಿ ಮುಚ್ಚಳ ತಿರುಗಿಸಿ ಬಿಗಿ ಮಾಡಬೇಡಿ. ಒಳಗೆ ಗಾಳಿ ತುಂಬಿ ಬಾಟಲಿ ಸಿಡಿಯುತ್ತದೆ. ಪ್ರಯೋಗಕ್ಕೆ ಬಳಸಿದ್ದನ್ನು ಮಕ್ಕಳು ನೆಕ್ಕಬಾರದು, ಅದು ಸಕ್ಕರೆಯೇ ಆಗಿದ್ದರೂ.

ಸೋಡಾಗೆ ವಿನೆಗರ್ ಹಾಕಿದರೂ ನೊರೆ ಬರುತ್ತಿಲ್ಲ

ಮೊದಲ ಪರೀಕ್ಷೆಗೆ ಅರ್ಧ ನಿಂಬೆಹಣ್ಣು ಸಾಕು. ಡಬ್ಬದಿಂದ ಚಿಟಿಕೆ ಪುಡಿ ತೆಗೆದು ಚಮಚದಲ್ಲಿ ಹಾಕಿ, ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಸೊಂಯ್ ಅಂತ ಉಕ್ಕಿದರೆ ಸೋಡಾ ಸರಿಯಿದೆ, ತಪ್ಪು ವಿನೆಗರಿನಲ್ಲಿ ಅಥವಾ ಅಳತೆಯಲ್ಲಿದೆ. ಸುಮ್ಮನೆ ಕೂತರೆ ಅದು ಸೋಡಾನೇ ಅಲ್ಲ.

ನಮ್ಮನೆಯಲ್ಲಿ ಸುಮ್ಮನೆ ಕೂತಿತು. ಆಗ ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಅಡುಗೆ ಸೋಡಾ ಪೌಡರಿನ ಹಾಗೆ ನುಣ್ಣಗೆ ಇರುತ್ತದೆ. ಇದು ಸಣ್ಣ ಸಣ್ಣ ಹರಳು, ಬೆಳಕಿಗೆ ಮಿಂಚುತ್ತಿತ್ತು. ಪಕ್ಕದ ಮನೆಯಿಂದ ಒಂದು ಚಮಚ ಸೋಡಾ ಇಸ್ಕೊಂಡು ಬಂದೆವು. ನಮ್ಮ ಡಬ್ಬದ ಹರಳನ್ನು ಸ್ವಲ್ಪ ನೀರಲ್ಲಿ ಕರಗಿಸಿ ಅದಕ್ಕೆ ಆ ಸೋಡಾ ಉದುರಿಸಿದಾಗ ಲೋಟ ತುಂಬಿ ಕಟ್ಟೆ ಮೇಲೆ ಹರಿಯಿತು. ಅಂದರೆ ನಮ್ಮ ಡಬ್ಬದಲ್ಲಿದ್ದದ್ದು ಹುಳಿ. ನಮ್ಮತ್ತೆ ತಂದಿಟ್ಟಿದ್ದ ನಿಂಬೆಉಪ್ಪು! ನಾನು ಹುಳಿಗೆ ಹುಳಿ ಸುರಿದು ನೊರೆ ಬರಲಿ ಅಂತ ಕಾಯುತ್ತಿದ್ದೆ. ಸೋಡಾ ಮತ್ತು ಹುಳಿ ಎರಡೂ ಸೇರಿದರೆ ಮಾತ್ರ ಇಂಗಾಲದ ಡೈಆಕ್ಸೈಡ್ ಗಾಳಿ ಹುಟ್ಟುತ್ತದೆ, ಆ ಗಾಳಿಯೇ ಗುಳ್ಳೆ.

ಸೋಡಾ ಹಳೆಯದಾಗಿದೆ ಅಂತ ತಕ್ಷಣ ಎಸೆಯಬೇಡಿ. ಒಣಗಿದ ಡಬ್ಬದಲ್ಲಿ ಅಡುಗೆ ಸೋಡಾ ತುಂಬಾ ದಿನ ಕೆಡದೆ ಇರುತ್ತದೆ. ಗಂಟು ಕಟ್ಟಿದ್ದರೆ ಬೆರಳಲ್ಲಿ ಪುಡಿ ಮಾಡಿ ನೋಡಿ. ಬೇಗ ಸಾಯುವುದು ಬೇಕಿಂಗ್ ಪೌಡರ್. ಅದರೊಳಗೆ ಸೋಡಾ ಜೊತೆ ಒಣ ಹುಳಿಯೂ ಇರುತ್ತದೆ, ಹಾಗಾಗಿ ಮಳೆಗಾಲದ ತೇವ ತಗುಲಿದರೆ ಡಬ್ಬದೊಳಗೇ ಪ್ರಯೋಗ ಮುಗಿದು ಹೋಗಿರುತ್ತದೆ. ಅದನ್ನು ಬಿಸಿನೀರಿಗೆ ಹಾಕಿ ನೋಡಿ. ಗುಳ್ಳೆ ಬರದಿದ್ದರೆ ಕೇಕಿಗೂ ಬೇಡ.

ಸ್ವಲ್ಪ ನೊರೆ ಬಂದು ನಿಂತುಹೋಯಿತು, ತಳದಲ್ಲಿ ಬಿಳಿ ಉಳಿದಿದೆ

ಇದು ಅಳತೆಯ ತಪ್ಪು. ತಳದಲ್ಲಿ ಸೋಡಾ ಉಳಿದಿದೆ ಅಂದರೆ ಹುಳಿ ಸಾಲಲಿಲ್ಲ. ಅಂಗಡಿಯಲ್ಲಿ ಸಿಗುವ ಶೇ. 4ರ ವಿನೆಗರ್ ಆದರೆ ಒಂದು ಟೀ ಚಮಚ ಸೋಡಾ ಪೂರ್ತಿ ಕರಗಲು ಸುಮಾರು 90ರಿಂದ 100 ಮಿ.ಲೀ. ಬೇಕು, ಅಂದರೆ ಅರ್ಧ ಲೋಟ. ನಾವೆಲ್ಲ ಮೂರು ಚಮಚ ಸೋಡಾ ಹಾಕಿ ಅರ್ಧ ನಿಂಬೆಹಣ್ಣು ಹಿಂಡುತ್ತೇವೆ, ಅಲ್ವಾ? ಒಂದು ಚಮಚ ಸೋಡಾಗೆ ಮೂರು ನಾಲ್ಕು ನಿಂಬೆಹಣ್ಣು ಬೇಕಾಗುತ್ತದೆ. ಬೇಸಿಗೆಯಲ್ಲಿ ನಿಂಬೆಹಣ್ಣಿನ ರೇಟ್ ನೋಡಿದರೆ ವಿನೆಗರೇ ವಾಸಿ. ಅದೂ ಇಲ್ಲ ಅಂದರೆ ಹುಣಸೆಹಣ್ಣಿನ ಗಟ್ಟಿ ರಸ. ಮೆಲ್ಲಗೆ ಉಕ್ಕುತ್ತದೆ, ಆದರೆ ಬಣ್ಣ ನಿಜವಾದ ಲಾವಾದ ಹಾಗೇ ಇರುತ್ತದೆ.

ನೊರೆ ಎತ್ತರಕ್ಕೆ ಬರಬೇಕು ಅಂದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಬಾಯಿ ಕಿರಿದಾದ ಲೋಟ ತಗೊಳ್ಳಿ. ಅಗಲ ಬಟ್ಟಲಲ್ಲಿ ಅಷ್ಟೇ ಗಾಳಿ ಹುಟ್ಟಿದರೂ ಏರುವುದು ಕಾಣುವುದಿಲ್ಲ.

ಬಾಟಲಿಗೆ ಸಿಕ್ಕಿಸಿದ ಬಲೂನ್ ಊದಿಕೊಳ್ಳುತ್ತಿಲ್ಲ

ಮೊದಲು ಬಾಟಲಿ ಕುತ್ತಿಗೆಗೆ ಕಿವಿ ಕೊಡಿ. ಸುಯ್ ಅಂತ ಶಬ್ದ ಬಂದರೆ ಅಲ್ಲೇ ಸೋರುತ್ತಿದೆ, ಬಲೂನ್ ಇನ್ನೂ ಕೆಳಗೆ ಎಳೆದು ಕೂರಿಸಿ. ಸೋರಿಕೆ ಇಲ್ಲದಿದ್ದರೆ ಹೊಸ ಬಲೂನ್ ಬಿಗಿಯಾಗಿರುತ್ತದೆ, ದೊಡ್ಡವರು ಒಂದು ಸಲ ಬಾಯಲ್ಲಿ ಊದಿ ಸಡಿಲ ಮಾಡಿ ಕೊಡಿ. ಮೂರನೆಯದು ಮತ್ತೆ ಅಳತೆ. ಒಂದು ಟೀ ಚಮಚ ಸೋಡಾ, ಅರ್ಧ ಲೋಟ ವಿನೆಗರ್ ಸೇರಿದರೆ ಒಂದು ಲೀಟರಿಗೂ ಜಾಸ್ತಿ ಗಾಳಿ ಹುಟ್ಟುತ್ತದೆ, ಸಣ್ಣ ಬಲೂನಿಗೆ ಅಷ್ಟು ಸಾಕು. ಸೋಡಾ ಜಾಸ್ತಿ ಹಾಕಿ ದೊಡ್ಡದು ಮಾಡುವ ಆಸೆ ಬೇಡ. ಒಡೆದ ಬಲೂನಿನ ಚೂರನ್ನು ಆಗಲೇ ಆರಿಸಿ ಬಿಸಾಕಿ, ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳಲ್ಲಿ ಅದು ತುಂಬಾ ಕೆಟ್ಟದ್ದು.

ಅರಿಶಿನ ಕೆಂಪಾಗುತ್ತಿಲ್ಲ

ಇದು ನನ್ನ ಇಷ್ಟದ ಪ್ರಯೋಗ. ಯಾಕೆಂದರೆ ನಮ್ಮ ಮನೆಗಳಲ್ಲಿ ಇದನ್ನು ವಿಜ್ಞಾನ ಅಂತ ಗೊತ್ತಿಲ್ಲದೆ ಮಾಡಿಕೊಂಡು ಬಂದಿದ್ದೇವೆ. ಮದುವೆ ಹೆಣ್ಣು ಮನೆ ತುಂಬುವಾಗ ಆರತಿ ತಟ್ಟೆಯಲ್ಲಿ ಕೆಂಪು ನೀರು ಇರುತ್ತದಲ್ಲ, ಓಕುಳಿ ನೀರು, ಅದಕ್ಕೆ ಹಾಕುವುದು ಅರಿಶಿನ ಮತ್ತು ಸುಣ್ಣ ಅಷ್ಟೇ. ಬಿಳಿ ಅಂಗಿಗೆ ಸಾರು ಬಿದ್ದ ಕಲೆಗೆ ಬಾರ್ ಸೋಪ್ ತಿಕ್ಕಿದ ಕೂಡಲೇ ಕಲೆ ಕೆಂಪಾಗುವುದೂ ಅದೇ. ಅರಿಶಿನದೊಳಗಿನ ಬಣ್ಣಕ್ಕೆ ಹುಳಿ ತಾಗಿದರೆ ಹಳದಿಯಾಗೇ ಇರುತ್ತದೆ, ಕ್ಷಾರ ತಾಗಿದರೆ ಕೆಂಪಾಗುತ್ತದೆ.

ಆದರೆ ಮಕ್ಕಳ ಮುಂದೆ ಮಾಡಲು ಹೋದರೆ ಕೆಂಪಾಗುವುದಿಲ್ಲ. ನೀವು ಏನು ಹಾಕಿದಿರಿ ನೋಡಿಕೊಳ್ಳಿ.

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ್ದರೆ ಕಾರಣ ಅದೇ. ಸೋಪಿನ ಹಾಗೆ ಕಂಡರೂ ಹಲವು ಲಿಕ್ವಿಡ್‌ಗಳಲ್ಲಿ ಕ್ಷಾರ ಇರುವುದೇ ಇಲ್ಲ. ಬಟ್ಟೆ ಒಗೆಯುವ ಬಾರ್ ಸೋಪನ್ನು ನೀರಲ್ಲಿ ಕದಡಿ ಅದನ್ನು ಹಾಕಿ. ಅಡುಗೆ ಸೋಡಾ ಹಾಕಿದ್ದರೆ ಬಣ್ಣ ಸ್ವಲ್ಪ ಕಿತ್ತಳೆ ಕಡೆ ಹೋಗಿ ನಿಂತಿರುತ್ತದೆ. ಅದು ತಪ್ಪಲ್ಲ. ಸೋಡಾ ಮೆದು ಕ್ಷಾರ, ಅರಿಶಿನ ಬಣ್ಣ ಬದಲಿಸುವ ಗಡಿಯಲ್ಲೇ ನಿಲ್ಲುತ್ತದೆ. ಮಕ್ಕಳಿಗೆ ಮೂರು ಬಟ್ಟಲು ಸಾಲಾಗಿ ಇಟ್ಟು ತೋರಿಸಿ, ಒಂದಕ್ಕೆ ನಿಂಬೆ, ಒಂದಕ್ಕೆ ಸೋಡಾ, ಒಂದಕ್ಕೆ ಸೋಪು. ಕೆಟ್ಟ ಪ್ರಯೋಗವೇ ಒಳ್ಳೆ ಪ್ರಯೋಗ ಆಗುತ್ತದೆ.

ಬಣ್ಣವೇ ಸರಿಯಾಗಿ ಕಾಣದಿದ್ದರೆ, ಪುಡಿ ನೀರಲ್ಲಿ ಕರಗದೆ ತಳಕ್ಕೆ ಕೂತಿದೆ ಅಂತ ಅರ್ಥ. ಅರಿಶಿನ ನೀರಲ್ಲಿ ಕರಗುವುದು ತುಂಬಾ ಕಡಿಮೆ. ಪೇಸ್ಟ್ ಮಾಡಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ, ಇಯರ್ ಬಡ್ ಸೋಪ್ ನೀರಲ್ಲಿ ಅದ್ದಿ ಅದರ ಮೇಲೆ ಹೆಸರು ಬರೆಯಲು ಹೇಳಿ. ಹಳದಿ ಕಾಗದದ ಮೇಲೆ ಕೆಂಪು ಅಕ್ಷರ. ನನ್ನ ಮಗಳು ತನ್ನ ಹೆಸರಿನ ಕೊನೆ ಅಕ್ಷರ ಕಾಗದದಲ್ಲಿ ಹಿಡಿಸದೆ ಗ್ರಾನೈಟ್ ಮೇಲೆ ಬರೆದಳು, ಅದನ್ನು ನಿಂಬೆಹಣ್ಣಿನ ಸಿಪ್ಪೆಯಲ್ಲಿ ಒರೆಸಿದಾಗ ಮತ್ತೆ ಹಳದಿಯಾಯಿತು. ಅವಳಿಗೆ ಅದೇ ದೊಡ್ಡ ಜಾದು.

ಗ್ರಾನೈಟ್ ಕಲೆ ಹೋಗಲು ಎರಡು ದಿನ ಬೇಕಾಯಿತು, ಆ ಮಾತು ಬೇರೆ.

ಸುಣ್ಣದ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಎಲೆ ಅಡಿಕೆ ಡಬ್ಬಿ ನಮ್ಮ ಕಡೆ ಮನೆಮನೆಯಲ್ಲೂ ಇರುತ್ತದೆ. ಸುಣ್ಣದಲ್ಲಿ ಕೆಂಪು ಚೆನ್ನಾಗಿ ಬರುತ್ತದೆ, ನಿಜ. ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಪಾಕೀಟು ಅಥವಾ ಟ್ಯೂಬನ್ನು ಮಕ್ಕಳು ಹಿಸುಕಿದಾಗ ಒಮ್ಮೆಲೇ ಹಾರಿ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಬೆಂಕಿಕಡ್ಡಿ ತುದಿಯಷ್ಟು ಸುಣ್ಣ, ದೊಡ್ಡವರ ಕೈಯಲ್ಲಿ, ಕದಡಿ ಮುಗಿದ ಮೇಲೆ ಮಕ್ಕಳಿಗೆ ದೂರದಿಂದ ತೋರಿಸಿ. ಇಲ್ಲವೇ ಸೋಪಲ್ಲೇ ಮುಗಿಸಿ.

ಏನೂ ಹಾಕುವ ಮೊದಲೇ ಅರಿಶಿನ ನೀರು ಕೆಂಪಾಗಿದೆ

ಬಟ್ಟಲಲ್ಲಿ ಸೋಪು ಉಳಿದಿದೆ. ಚೆನ್ನಾಗಿ ತೊಳೆದು ಮತ್ತೆ ಮಾಡಿ. ಆಗಲೂ ಬಣ್ಣ ಮಬ್ಬಾಗಿ ಕಂಡರೆ ಫಿಲ್ಟರ್ ನೀರಲ್ಲಿ ಒಂದು ಬಟ್ಟಲು, ಬೋರ್ ನೀರಲ್ಲಿ ಒಂದು ಬಟ್ಟಲು ಮಾಡಿ ಪಕ್ಕಪಕ್ಕ ಇಡಿ. ನಮ್ಮ ಭಾಗದ ಗಡಸು ನೀರಿನಲ್ಲಿ ಸ್ವಲ್ಪ ಕ್ಷಾರ ಇರುವುದುಂಟು, ಕಾಯಿಸಿ ಆರಿಸಿದ ಮೇಲೆ ಅದು ಇನ್ನೂ ಏರುತ್ತದೆ. ವ್ಯತ್ಯಾಸ ಕಂಡರೆ ನೀರಿನದೇ ಕೆಲಸ.

ಇನ್ನು ಅರಿಶಿನದ ಮೇಲೇ ಅನುಮಾನ ಇದ್ದರೆ ಒಂದು ಲೋಟ ನೀರಿಗೆ ಒಂದು ಟೀ ಚಮಚ ಹಾಕಿ ಕದಡದೆ ಬಿಡಿ. ಒಳ್ಳೆಯದಾದರೆ ಪುಡಿ ತಳಕ್ಕೆ ಇಳಿಯುತ್ತಾ ನೀರು ತಿಳಿ ಹಳದಿಯಾಗುತ್ತದೆ. ಬಣ್ಣ ಬೆರೆಸಿದ್ದರೆ ನೀರು ಗಾಢ ಹಳದಿಯಾಗುತ್ತದೆ. ಹಾಗಾದರೆ ಅದನ್ನು ಅಡುಗೆಗೂ ಬಳಸಬೇಡಿ.

ಹಿಟ್ಟು ಗುದ್ದಿದರೆ ಗಟ್ಟಿ, ಬಿಟ್ಟರೆ ನೀರು ಆಗಬೇಕಿತ್ತು, ಆಗುತ್ತಿಲ್ಲ

ದಾವಣಗೆರೆ ಸುತ್ತಮುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. ಹಾಗಾಗಿ ನಾನು ಬುದ್ಧಿವಂತಿಕೆ ತೋರಿಸಿ, ಊರಿಂದ ಬಂದ ಮೆಕ್ಕೆಜೋಳವನ್ನೇ ಗಿರಣಿಯಲ್ಲಿ ಬೀಸಿಸಿಕೊಂಡು ಬಂದೆ. ನೀರು ಹಾಕಿದರೆ ರೊಟ್ಟಿ ಹಿಟ್ಟಾಯಿತು. ಇನ್ನೂ ಹಾಕಿದರೆ ಗಂಜಿಯಾಯಿತು. ಮಧ್ಯದ್ದು ಬರಲೇ ಇಲ್ಲ.

ಇದಕ್ಕೆ ಬೇಕಾಗಿರುವುದು ಜೋಳದ ಹಿಟ್ಟಲ್ಲ, ಜೋಳದಿಂದ ತೆಗೆದ ಪಿಷ್ಟ. ಗೋಬಿ ಮಂಚೂರಿಗೆ ಹಾಕುವ ಬಿಳಿ ಕಾರ್ನ್ ಫ್ಲೋರ್. ನೋಡುವುದು ಸುಲಭ: ಹಳದಿಯಾಗಿ ತರಿತರಿಯಾಗಿದ್ದರೆ ಬೀಸಿದ ಹಿಟ್ಟು, ಬೆಳ್ಳಗೆ ಇದ್ದು ಬೆರಳ ಮಧ್ಯೆ ಒತ್ತಿದರೆ ಕರಕರ ಅಂದರೆ ಪಿಷ್ಟ. ಬೀಸಿದ ಹಿಟ್ಟಲ್ಲಿ ಹೊಟ್ಟು, ಎಣ್ಣೆ ಅಂಶ, ಪ್ರೋಟೀನ್ ಎಲ್ಲ ಇರುವುದರಿಂದ ಪಿಷ್ಟದ ಕಣಗಳು ಒಂದಕ್ಕೊಂದು ಒತ್ತಿ ನಿಲ್ಲಲು ಆಗುವುದಿಲ್ಲ.

ಸರಿಯಾದ ಪುಡಿ ಇದ್ದೂ ಆಗುತ್ತಿಲ್ಲ ಅಂದರೆ ನೀರು. ಎರಡು ಲೋಟ ಪುಡಿಗೆ ಒಂದು ಲೋಟ ನೀರು, ಅದನ್ನೂ ಒಟ್ಟಿಗೆ ಸುರಿಯದೆ ಸ್ವಲ್ಪ ಸ್ವಲ್ಪವೇ. ತೆಳ್ಳಗಾಗಿದ್ದರೆ ಹೊಸ ಪ್ಯಾಕೆಟ್ ಒಡೆಯಬೇಡಿ. ಹತ್ತು ಇಪ್ಪತ್ತು ನಿಮಿಷ ಬಿಟ್ಟರೆ ಪಿಷ್ಟ ತಳಕ್ಕೆ ಕೂರುತ್ತದೆ, ಮೇಲಿನ ನೀರು ಬಗ್ಗಿಸಿ. ಬಿರುಕು ಬಿಟ್ಟರೆ ಒಂದು ಚಮಚ ನೀರು ಸೇರಿಸಿ.

ಮುಗಿದ ಮೇಲೆ ಸಿಂಕಿಗೆ ಮಾತ್ರ ಸುರಿಯಬೇಡಿ. ಪೈಪಿನ ಬೆಂಡಲ್ಲಿ ಕೂತು ಗಟ್ಟಿಯಾಗುತ್ತದೆ. ನಾನು ಸುರಿದೆ. ಪ್ಲಂಬರ್ ಬಂದು ಪೈಪ್ ಬಿಚ್ಚಿ, "ಏನಕ್ಕಾ, ಗಚ್ಚು ಹಾಕ್ಸಿದಿರಾ ಒಳಗೆ?" ಅಂತ ಕೇಳಿದ. ತಟ್ಟೆಯಲ್ಲಿ ಹರಡಿ ಬಿಸಿಲಿಗಿಡಿ, ಒಣಗಿದ ಮೇಲೆ ಕಸಕ್ಕೆ ಹಾಕಿ.

ಕಾಳುಮೆಣಸಿನ ಪುಡಿ ಓಡುತ್ತಿಲ್ಲ

ತಟ್ಟೆ ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿ, ಸೋಪ್ ಹಚ್ಚಿದ ಬೆರಳು ಮುಟ್ಟಿಸಿದರೆ ಪುಡಿ ಅಂಚಿಗೆ ಓಡಬೇಕು. ಮೊದಲ ಸಲ ಓಡಿ ಎರಡನೇ ಸಲ ಓಡಲಿಲ್ಲ ಅಂದರೆ ಏನೂ ಕೆಟ್ಟಿಲ್ಲ. ನೀರಿನ ಮೇಲ್ಮೈಯಲ್ಲಿ ಸೋಪ್ ಆಗಲೇ ಹರಡಿದೆ, ನೀರಿನ ಎಳೆತ ಹೋಗಿದೆ. ತಟ್ಟೆ ತೊಳೆದು ಹೊಸ ನೀರು ಹಾಕಿ. ಮೊದಲ ಸಲವೇ ಓಡಲಿಲ್ಲ ಅಂದರೆ ತಟ್ಟೆಯಲ್ಲಿ ಜಿಡ್ಡು ಅಥವಾ ಹಳೆ ಸೋಪಿದೆ, ಇಲ್ಲವೇ ಬೋರ್ ನೀರಿಗೆ ಬಾರ್ ಸೋಪ್ ಬಳಸಿದ್ದೀರಿ. ಗಡಸು ನೀರಲ್ಲಿ ಬಾರ್ ಸೋಪ್ ನೊರೆಯಾಗದೆ ಬಿಳಿ ಕೆನೆಗಟ್ಟುತ್ತದೆ. ಇಲ್ಲಿ ಲಿಕ್ವಿಡ್ಡೇ ಸರಿ, ಅರಿಶಿನದ ಪ್ರಯೋಗಕ್ಕೆ ಉಲ್ಟಾ. ಆಮೇಲೆ ಆ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳದ ಹಾಗೆ ನೋಡಿಕೊಳ್ಳಿ.

ಹಾಲಿನ ಮೇಲೆ ಬಣ್ಣ ಹಾಕಿ ಸೋಪ್ ಮುಟ್ಟಿಸುವುದೂ ಹೀಗೇ. ಕಾಯಿಸಿದ ಹಾಲಾದರೆ ಕೆನೆ ತೆಗೆಯಿರಿ, ಇಲ್ಲದಿದ್ದರೆ ಬಣ್ಣ ಕೆನೆ ಮೇಲೆ ಕೂತುಬಿಡುತ್ತದೆ.

ಆಲೂಗಡ್ಡೆ ಉಪ್ಪು ನೀರಲ್ಲೂ ಮುಳುಗಿಯೇ ಇದೆ

ಎಲ್ಲರೂ ಮೊಟ್ಟೆ ಅಂತಾರೆ. ನಮ್ಮಂಥ ಮನೆಗಳಲ್ಲಿ ಮೊಟ್ಟೆ ತರುವ ಹಾಗಿಲ್ಲ, ಆಲೂಗಡ್ಡೆ ತುಂಡು ಅಷ್ಟೇ ಚೆನ್ನಾಗಿ ತೇಲುತ್ತದೆ. ತೇಲಲಿಲ್ಲ ಅಂದರೆ ಉಪ್ಪು ಸಾಲದು. 200 ಮಿ.ಲೀ. ನೀರಿಗೆ ಮೂರು ದೊಡ್ಡ ಚಮಚ ಪುಡಿ ಉಪ್ಪು ಹಾಕಿ, ಪೂರ್ತಿ ಕರಗುವವರೆಗೆ ಕದಡಿ. ಕಲ್ಲುಪ್ಪು ಆದರೆ ಕರಗಲು ಹೊತ್ತು ಹಿಡಿಯುತ್ತದೆ. 100 ಮಿ.ಲೀ. ನೀರಲ್ಲಿ ಸುಮಾರು 36 ಗ್ರಾಂ ಉಪ್ಪು ಮಾತ್ರ ಕರಗುವುದು, ಅದಕ್ಕಿಂತ ಜಾಸ್ತಿ ಹಾಕಿದರೆ ದಂಡ. ಮೊಟ್ಟೆಯಲ್ಲೇ ಮಾಡುವವರಿಗೆ: ಅದು ಬರೀ ನೀರಲ್ಲೇ ತೇಲಿದರೆ ಮೊಟ್ಟೆ ಹಳೆಯದು, ಒಳಗಿನ ಗಾಳಿ ಚೀಲ ದೊಡ್ಡದಾಗಿದೆ.

ಕಲ್ಲುಸಕ್ಕರೆ ಹರಳು ವಾರವಾದರೂ ಬಂದಿಲ್ಲ

ಪಾಕ ತೆಳು. 100 ಮಿ.ಲೀ. ನೀರಿಗೆ 200 ಗ್ರಾಂಗಿಂತ ಜಾಸ್ತಿ ಸಕ್ಕರೆ ಕರಗಿಸಬೇಕು, ಬಿಸಿ ಮಾಡದೆ ಅದು ಆಗುವುದಿಲ್ಲ. ಹರಳು ದಾರ ಬಿಟ್ಟು ತಳದಲ್ಲಿ ಕೂತಿದ್ದರೆ, ದಾರವನ್ನು ಒದ್ದೆ ಮಾಡಿ ಸಕ್ಕರೆಯಲ್ಲಿ ಹೊರಳಿಸಿ ಒಣಗಿಸಿ ಆಮೇಲೆ ಇಳಿಬಿಡಿ. ಪಾಕ ಕಾಯಿಸುವುದು ದೊಡ್ಡವರ ಕೆಲಸ. ಬಿಸಿ ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ನೀರಿನ ಹಾಗೆ ಜಾರಿ ಹೋಗುವುದಿಲ್ಲ. ಇರುವೆಗೆ ನನ್ನ ಹತ್ತಿರ ಪರಿಹಾರ ಇಲ್ಲ, ನೀರಿನ ತಟ್ಟೆಯ ಮಧ್ಯೆ ಲೋಟ ಇಡಿ.

ಮಗು ಮಧ್ಯದಲ್ಲೇ ಎದ್ದು ಹೋಯಿತು

ಇದೂ ಒಂದು ದೋಷವೇ, ಜಾಸ್ತಿ ಸಲ ನಮ್ಮದೇ. ನೀವು ತುಂಬಾ ಮಾತಾಡುತ್ತಿದ್ದೀರಾ? ಚಮಚ ನಿಮ್ಮ ಕೈಯಲ್ಲೇ ಇದೆಯಾ? ಮೂರು ವರ್ಷದ ಮಗುವಿಗೆ ಸೋಡಾ ಒಂದೇ ಸಾಕು, ಅದನ್ನೇ ಹತ್ತು ಸಲ ಮಾಡಲಿ. "ಈಗ ಏನಾಗುತ್ತೆ ಅಂತೀಯ?" ಅಂತ ಮೊದಲೇ ಕೇಳಿ, ಅದು ಹೇಳಿದ್ದು ತಪ್ಪಾದರೂ ಸುಮ್ನಿರಿ.

ಇಲ್ಲಿಗೆ ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ

ಕಣ್ಣಿಗೆ ಸುಣ್ಣ, ಸೋಪು, ವಿನೆಗರ್ ಯಾವುದೇ ಬಿದ್ದರೂ ಮೊದಲ ಕೆಲಸ ನೀರು. ರೆಪ್ಪೆ ಬಿಡಿಸಿ ಹಿಡಿದು ಹರಿಯುವ ನೀರಲ್ಲಿ ತೊಳೆಯಿರಿ. ಸುಣ್ಣವಾಗಿದ್ದರೆ ಗಡಿಯಾರ ನೋಡಿಕೊಂಡು ಕಡಿಮೆ ಅಂದರೂ 20 ನಿಮಿಷ ತೊಳೆದು, ಉರಿ ಕಡಿಮೆಯಾಗಿದೆ ಅನಿಸಿದರೂ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಬಿಡಿ, ಟೂತ್‌ಪೇಸ್ಟ್, ತುಪ್ಪ, ಇಂಕು ಬೇಡ. ಆಸಿಡ್ ಅಥವಾ ಕಾಸ್ಟಿಕ್ ಬಾಯಿಗೆ ಹೋಗಿದ್ದರೆ ವಾಂತಿ ಮಾಡಿಸಬೇಡಿ, 108ಕ್ಕೆ ಫೋನ್ ಮಾಡಿ, ಆ ಬಾಟಲಿಯನ್ನೂ ಜೊತೆಗೆ ತಗೊಂಡು ಹೋಗಿ. ಮಗು ಉಸಿರಾಡಲು ಕಷ್ಟಪಟ್ಟರೆ ಒಂದು ನಿಮಿಷವೂ ಕಾಯಬೇಡಿ.

ಮಂಡಕ್ಕಿ ಬಾಚಣಿಗೆಗೆ ಅಂಟುತ್ತಿಲ್ಲ

ಇದನ್ನು ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ನಮ್ಮೂರಲ್ಲಿ ಮಂಡಕ್ಕಿಗೆ ಬರ ಇಲ್ಲ, ಮಂಡಕ್ಕಿ ಭಟ್ಟಿ ಕಡೆ ಹೋದರೆ ಬಿಸಿ ಬಿಸಿಯಾಗೇ ಸಿಗುತ್ತದೆ. ಪ್ಲಾಸ್ಟಿಕ್ ಬಾಚಣಿಗೆಯನ್ನು ಕೂದಲಿಗೆ ತಿಕ್ಕಿ ಮಂಡಕ್ಕಿ ಹತ್ತಿರ ಹಿಡಿದರೆ ಕಾಳು ಎಗರಿ ಅಂಟಬೇಕು. ಅಂಟದಿದ್ದರೆ ಮೊದಲು ಕಾಗದದ ಸಣ್ಣ ಚೂರಲ್ಲಿ ನೋಡಿ. ಕಾಗದ ಎದ್ದರೆ ಬಾಚಣಿಗೆ ಸರಿ, ಮಂಡಕ್ಕಿ ಮೆತ್ತಗಾಗಿದೆ ಅಥವಾ ಒಗ್ಗರಣೆ ಹಾಕಿದ್ದು. ಗರಿಗರಿ ಇರುವ, ಎಣ್ಣೆ ಇಲ್ಲದ, ಒಡೆದ ಚೂರು ತಗೊಳ್ಳಿ. ಕಾಗದವೂ ಏಳಲಿಲ್ಲ ಅಂದರೆ ಬಾಚಣಿಗೆಯಲ್ಲಿ ವಿದ್ಯುತ್ ನಿಂತಿಲ್ಲ: ಮಳೆಗಾಲದ ತೇವ ಇರಬಹುದು, ಒದ್ದೆ ಕೂದಲಿರಬಹುದು, ಮರದ ಬಾಚಣಿಗೆ ಇರಬಹುದು. ಅಂಟಿದ ಕಾಳು ಒಂದು ಕ್ಷಣ ಬಿಟ್ಟು ತಾನೇ ಹಾರಿಹೋದರೆ ಪ್ರಯೋಗ ಗೆದ್ದಿದೆ. ಬಾಚಣಿಗೆಯ ವಿದ್ಯುತ್ತೇ ಕಾಳಿಗೂ ಬಂದು ಎರಡೂ ಒಂದನ್ನೊಂದು ದೂಡುತ್ತವೆ.

ಮೊನ್ನೆ ಚಿತ್ರದುರ್ಗದಿಂದ ಫೋನ್ ಬಂತು.

"ಅತ್ತೆ, ಇಲ್ಲಿ ಮಂಡಕ್ಕಿ ಅಂಟ್ತಿಲ್ಲ."

"ಕಾಗ್ದ ಎದ್ದೇಳ್ತಾ?"

"ಇಲ್ಲ."

"ತಲೆಗೆ ಎಣ್ಣೆ ಹಚ್ಚಿದಾರಾ?"

"ಹೂಂ, ಅಮ್ಮ ಈಗ್ಲೇ ಹಚ್ಚಿದ್ಳು."

"ಮತ್ತೆ! ಅಪ್ಪನ ತಲೆಗೆ ತಿಕ್ಕಿ ನೋಡು."

ಸ್ವಲ್ಪ ಹೊತ್ತು ಸದ್ದೇ ಇಲ್ಲ. "ಅತ್ತೆ, ಅಪ್ಪಂಗೆ ಕೂದ್ಲೇ ಇಲ್ವಲ್ಲ."

ಹಿಂದಿನಿಂದ ನನ್ನ ತಮ್ಮ ಏನೋ ಗೊಣಗಿದ್ದು ಕೇಳಿಸಿತು. ಉಲ್ಲನ್ ಟೋಪಿಗೆ ತಿಕ್ಕು ಅಂತ ಹೇಳಿ ಫೋನ್ ಇಟ್ಟೆ. ಹತ್ತು ನಿಮಿಷಕ್ಕೆ ಫೋಟೊ ಬಂತು, ಬಾಚಣಿಗೆಯಲ್ಲಿ ನಾಲ್ಕು ಮಂಡಕ್ಕಿ, ನೆಲದ ತುಂಬಾ ಒಂದು ಸೇರು.